ಕೆಸೆಲ್‌ಗೆ ತೆತ್ತ ಬೆಲೆ

ಗೋಲು ಗಳಿಸುವ ಆಟಗಾರನನ್ನು ತರುವ ಮುನ್ನ ತಂಡ ತನ್ನ ಬಲವನ್ನು ಅಳೆದುಕೊಳ್ಳಬೇಕು. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಫಿಲ್ ಕೆಸೆಲ್ 2009 ಮತ್ತು 2015ರಲ್ಲಿ ಕೈಬದಲಾದ ಬಗೆ ನೋಡಿದರೆ ಇದು ಸ್ಪಷ್ಟವಾಗುತ್ತದೆ.

2009ರ ಸೆಪ್ಟೆಂಬರ್. ಕೆಸೆಲ್‌ಗೆ 21 ವರ್ಷ. ಹಿಂದಿನ ಋತುವಿನಲ್ಲಿ ಬಾಸ್ಟನ್ ಬ್ರೂಯಿನ್ಸ್ ಪರ 36 ಗೋಲು ಹೊಡೆದಿದ್ದರು. ಟೊರಾಂಟೊ ಮೇಪಲ್ ಲೀಫ್ಸ್‌ನ ಜನರಲ್ ಮ್ಯಾನೇಜರ್ ಬ್ರಯಾನ್ ಬರ್ಕ್ ಕೆಸೆಲ್‌ಗಾಗಿ ಒಬ್ಬ ಆಟಗಾರನನ್ನೂ ಬಿಟ್ಟುಕೊಡಲಿಲ್ಲ. ಕೊಟ್ಟದ್ದು ಮೂರು ಡ್ರಾಫ್ಟ್ ಆಯ್ಕೆ: 2010ರ ಮೊದಲ ಮತ್ತು ಎರಡನೇ ಸುತ್ತಿನವು, 2011ರ ಮೊದಲ ಸುತ್ತಿನದು.

ಆದರೆ ಈ ಆಯ್ಕೆಗಳಿಗೆ ನಿಗದಿತ ಬೆಲೆಯಿಲ್ಲ. ಲೀಗಿನಲ್ಲಿ ಕೆಳಗುಳಿದವರಿಗೆ ಎಳೆಯ ಪ್ರತಿಭೆಗಳನ್ನು ಆರಿಸುವ ಸರದಿ ಬೇಗ ಬರುತ್ತದೆ. ಟೊರಾಂಟೊ ಸೋತಷ್ಟೂ ಅದರ ಸಾಲ ಬೆಳೆಯುತ್ತಿತ್ತು. ಆ ಋತುವಿನಲ್ಲಿ ಅದು 30 ತಂಡಗಳ ಪೈಕಿ 29ನೆಯದು! ಬಾಸ್ಟನ್‌ಗೆ ಎರಡನೇ ಸರದಿಯಲ್ಲೇ ಟೈಲರ್ ಸೆಗಿನ್ ಸಿಕ್ಕರು, ಮರುವರ್ಷ ಒಂಬತ್ತನೆಯದರಲ್ಲಿ ಡೂಗಿ ಹ್ಯಾಮಿಲ್ಟನ್. 2011ರಲ್ಲಿ ಸೆಗಿನ್ ಇದ್ದ ಬಾಸ್ಟನ್ ಲೀಗಿನ ಚಾಂಪಿಯನ್‌ಗೆ ಸಿಗುವ ಸ್ಟಾನ್ಲಿ ಕಪ್ ಎತ್ತಿತು. ಅಲ್ಲಿನ ಪ್ರೇಕ್ಷಕರು ಕೆಸೆಲ್‌ಗೆ ಧನ್ಯವಾದವೆಂದು ಕೂಗುತ್ತಿದ್ದರು.

ಕೆಸೆಲ್ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಟೊರಾಂಟೊಗಾಗಿ 446 ಪಂದ್ಯಗಳಲ್ಲಿ 181 ಗೋಲು ಹೊಡೆದರು. ಬಲಬದಿಯಿಂದ ಪೂರ್ತಿ ವೇಗದಲ್ಲಿ ನುಗ್ಗುತ್ತಲೇ, ಒಂದಿಷ್ಟೂ ತಡೆಯದೆ, ಮಣಿಕಟ್ಟಿನ ಬಲದಲ್ಲಿ ಪಕ್ ಚಿಮ್ಮಿಸುತ್ತಿದ್ದ ಆ ಹೊಡೆತ ನೋಡಲು ಸೊಗಸು. ಆದರೆ ಪಕ್ ಒದಗಿಸಬಲ್ಲ ಮೊದಲ ದರ್ಜೆಯ ಸೆಂಟರ್ ಅವರ ಪಕ್ಕದಲ್ಲಿರಲಿಲ್ಲ. 2013ರ ಪ್ಲೇಆಫ್‌ನ ಏಳನೇ ಪಂದ್ಯದಲ್ಲಿ ಅದೇ ಬಾಸ್ಟನ್ ಎದುರು 4–1ರಿಂದ ಮುಂದಿದ್ದ ತಂಡ ಹೆಚ್ಚುವರಿ ಅವಧಿಯಲ್ಲಿ 5–4ರಿಂದ ಸೋತಿತು. ಒಬ್ಬ ಸ್ಕೋರರ್‌ನಿಂದ ಮುಚ್ಚಲಾಗದ ಬಿರುಕುಗಳು ಅಲ್ಲಿದ್ದವು.

ಬಾಸ್ಟನ್ನಿನ ಜಾಣ್ಮೆಯನ್ನೂ ಅತಿಯಾಗಿ ಹೊಗಳಲಾರೆ. 2013ರ ಬೇಸಿಗೆಯಲ್ಲಿ ಸೆಗಿನ್‌ರನ್ನು ಡಲ್ಲಾಸ್‌ಗೆ, 2015ರಲ್ಲಿ ಹ್ಯಾಮಿಲ್ಟನ್‌ರನ್ನು ಕ್ಯಾಲ್ಗರಿಗೆ ಕಳಿಸಿಬಿಟ್ಟಿತು.

2015ರಲ್ಲಿ ಕೆಸೆಲ್ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಸೇರಿದರು. ಸಿಡ್ನಿ ಕ್ರಾಸ್ಬಿ, ಯೆವ್ಗೆನಿ ಮಾಲ್ಕಿನ್ ಇದ್ದ ತಂಡವದು. ಎದುರಾಳಿಗಳು ಅವರಿಬ್ಬರನ್ನು ತಡೆಯುವುದರಲ್ಲೇ ದಣಿಯುತ್ತಿದ್ದರು. ನಿಕ್ ಬೊನಿನೊ, ಕಾರ್ಲ್ ಹೇಗೆಲಿನ್ ಜೊತೆ ಆಡಿದ ಕೆಸೆಲ್ 2016ರ ಪ್ಲೇಆಫ್‌ನಲ್ಲಿ 22 ಅಂಕ ಗಳಿಸಿದರು, ತಂಡದಲ್ಲೇ ಹೆಚ್ಚು. ಆ ವರ್ಷವೂ ಮರುವರ್ಷವೂ ಕಪ್ ಪಿಟ್ಸ್‌ಬರ್ಗ್‌ನದೇ. ಕೆಸೆಲ್‌ಗಾಗಿ ಇತರ ಆಟಗಾರರ ಜೊತೆಗೆ ಪಿಟ್ಸ್‌ಬರ್ಗ್ ಕೂಡ ಮೊದಲ ಸುತ್ತಿನ ಒಂದು ಆಯ್ಕೆಯನ್ನು ಬಿಟ್ಟುಕೊಟ್ಟಿತ್ತು. ಚಾಂಪಿಯನ್ ಆದದ್ದರಿಂದ ಅದರ ಸರದಿ ಬಂದದ್ದು ಎಲ್ಲರ ನಂತರ, 30ನೆಯದಾಗಿ.