ಗಂತಿನಿಂದ ಮಂಜೊಟ್ಟಿಗೆ ಎಷ್ಟು ಸೆಕೆಂಡು?

ಚಳಿಗಾಲದ ಓಟಕ್ಕೆ ಮೂಡುಬಿದಿರೆಯಲ್ಲಿ ಎರಡು ನೆಲೆಗಳಿವೆ: ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕ್ ಮತ್ತು ಕಂಬಳದ ಕೋಣಗಳು ಅಕ್ಕಪಕ್ಕದ ಎರಡು ಕೆಸರಿನ ಕರೆಗಳಲ್ಲಿ ಓಡುವ ಕಡಲಕೆರೆಯ ಕೋಟಿ-ಚೆನ್ನಯ ಜೋಡುಕರೆ. 2020ರ ಜನವರಿಯಲ್ಲಿ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ನಡೆಯಿತು. ತಿಂಗಳೊಳಗೆ, ಊರಿನ ಪಕ್ಕದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳ ಕಂಬಳದ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಎಂದರು. ಬರ್ಲಿನ್‌ನಲ್ಲಿ 2009ರಲ್ಲಿ ಉಸೇನ್ ಬೋಲ್ಟ್ ಓಡಿದ್ದು 9.58. ಅಷ್ಟು ಸಾಕಾಯಿತು. ಸುಮಾರು ಎರಡು ವಾರದಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟು ನಿಶಾಂತ್ ಶೆಟ್ಟರ ಹೆಸರಿಗೆ 9.51 ಬಂತು, ಮರುವರ್ಷ ಮಾರ್ಚಿನಲ್ಲಿ ಗೌಡರ ಹೆಸರಿಗೇ 8.78. ಓಟಗಾರರ ಸಾಮರ್ಥ್ಯದ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಈ ಭಾಗಾಕಾರದ ಬಗ್ಗೆ. ಕಂಬಳದ ಓಟವನ್ನು ಹೊಗಳಲು ಬಳಸಿದ ಅಳತೆಗೋಲೇ ಆ ಓಟದಲ್ಲಿ ಹೊಗಳಬೇಕಾದದ್ದನ್ನು ಮರೆಮಾಡಿದೆ.

ಮೊದಲು ಲೆಕ್ಕವನ್ನೇ ನೋಡೋಣ. ನಿಂತಲ್ಲಿಂದ ವೇಗ ಪಡೆಯಲು ಬೇಕಾಗುವ ಮೊದಲ ಕೆಲವು ಸೆಕೆಂಡುಗಳು ಯಾವ ಓಟಕ್ಕೂ ತೆರಬೇಕಾದ ಸುಂಕ. ದೂರ ಹೆಚ್ಚಿದಷ್ಟೂ ಆ ಸುಂಕ ಹಂಚಿಹೋಗುತ್ತದೆ. ಹಾಗಾಗಿ 142.5 ಮೀಟರಿನ ಸಮಯವನ್ನು 100ಕ್ಕೆ ಇಳಿಸಿದಾಗ ಓಟಗಾರನಿಗೆ ಪುಕ್ಕಟೆ ರಿಯಾಯಿತಿ ಸಿಗುತ್ತದೆ. ಇದೇ ರಿಯಾಯಿತಿಯನ್ನು ಬೋಲ್ಟ್‌ಗೂ ಕೊಡೋಣ. 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಸಿದ ನೇರ ಟ್ರ್ಯಾಕಿನಲ್ಲಿ ಅವನು 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ. ಕೊನೆಯ 100 ಮೀಟರಿಗೆ ತಗುಲಿದ್ದು 8.70. ಅಂದರೆ ಎರಡೂ ಕಡೆಗೆ ಒಂದೇ ತಕ್ಕಡಿ ಹಿಡಿದರೆ ಜಯಭೇರಿ ಬಾರಿಸಲು ಏನೂ ಉಳಿಯುವುದಿಲ್ಲ. ಬೋಲ್ಟ್‌ನ 9.58ರಲ್ಲಿ ಪಿಸ್ತೂಲಿನ ಸದ್ದು ಕೇಳಿ ಮೈ ಕದಲುವವರೆಗಿನ 0.146 ಸೆಕೆಂಡೂ ಸೇರಿದೆ, ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 0.9 ಮೀಟರ್ ಇತ್ತೆಂಬುದೂ ದಾಖಲಾಗಿದೆ. ಕಂಬಳದಲ್ಲಿ ಕರೆಯ ಉದ್ದವೇ ಊರಿಂದೂರಿಗೆ ಬೇರೆ. ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯ ಕೆಸರು ವೇಣೂರಿನ ಕೆಸರಲ್ಲ. ಸಂಜೆ ನಿಂತಷ್ಟು ನೀರು ಬೆಳಗಿನ ಜಾವಕ್ಕೆ ಅಷ್ಟೇ ಇರುತ್ತದೆಂದು ಹೇಳುವ ಹಾಗೂ ಇಲ್ಲ.

ಲೆಕ್ಕಕ್ಕಿಂತ ದೊಡ್ಡ ತಪ್ಪು ಓಟದ ಸ್ವರೂಪವನ್ನು ಕುರಿತದ್ದು. ಹಗ್ಗದ ವಿಭಾಗದಲ್ಲಿ ಓಟಗಾರ ತಾನಾಗಿ ವೇಗ ಹುಟ್ಟಿಸುವುದಕ್ಕಿಂತ ಹೆಚ್ಚಾಗಿ, ಹುಟ್ಟಿದ ವೇಗಕ್ಕೆ ತಕ್ಕ ಕಾಲು ಕೊಡುತ್ತಾನೆ. ಓಟ ಶುರುವಾಗುವ ಗಂತಿನಲ್ಲಿ ಕೋಣಗಳನ್ನು ಹಿಡಿದವರು ಕೈಬಿಟ್ಟ ಕ್ಷಣವೇ ಹಗ್ಗ ಬಿಗಿಯುತ್ತದೆ. ಆಮೇಲೆ ಅವನ ಒಂದೊಂದು ಹೆಜ್ಜೆಯೂ ತನ್ನ ತಾಕತ್ತಿಗಿಂತ ಒಂದು ಗೇಣು ಮುಂದೆ ಬೀಳುತ್ತದೆ. ಮುಂದಿನಿಂದ ಹಾರಿದ ಕೆಸರುನೀರು ಕಣ್ಣಿಗೆ ಹೊಡೆಯುತ್ತಿರುವಾಗ, ಎರಡು ಕೋಣಗಳಲ್ಲಿ ಒಂದು ಅರ್ಧ ಹೆಜ್ಜೆ ಮುಂದಾದದ್ದು ಅವನಿಗೆ ತಿಳಿಯುವುದು ಕೈಯ ಹಗ್ಗದಿಂದ. ಮೈ ತುಸು ಹಿಂದಕ್ಕೆ ವಾಲಬೇಕು, ಹಿಮ್ಮಡಿ ನೆಲ ಹುಡುಕಬೇಕು, ಜೋಡಿ ಓರೆಯಾಗದೆ ಕರೆಯ ಕೊನೆಯ ಮಂಜೊಟ್ಟಿ ಏರಬೇಕು. ಆಗಿನ ಕೇಂದ್ರ ಕ್ರೀಡಾ ಸಚಿವರು ಭಾರತೀಯ ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕರೆದಾಗ ಗೌಡರು ಒಲ್ಲೆ ಎಂದದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಇದೇ: ಕಂಬಳದಲ್ಲಿ ಕೆಲಸ ಹಿಮ್ಮಡಿಯದು, ಟ್ರ್ಯಾಕಿನಲ್ಲಿ ಕಾಲ್ಬೆರಳಿನದು. ಆ ಗದ್ದಲದಲ್ಲಿ ಬಂದ ತಾಂತ್ರಿಕ ವಿಮರ್ಶೆಗಳಲ್ಲಿ ಇಷ್ಟು ಖಚಿತವಾದದ್ದು ಇನ್ನೊಂದಿಲ್ಲ, ಅದನ್ನು ಹೇಳಿದವರು ಕಟ್ಟಡ ಕೆಲಸದ ಕಾರ್ಮಿಕ. ಯಕ್ಷಗಾನದ ಹವ್ಯಾಸಿ ಕಲಾವಿದರ ಹಾಗೆ ಇಲ್ಲಿನ ಬಹುಪಾಲು ಓಟಗಾರರಿಗೂ ಹಗಲಿನ ದುಡಿಮೆ ಬೇರೆಯೇ ಇದೆ. ಕಲಿಕೆ ಗದ್ದೆಯಿಂದ ಬಂದದ್ದು.

ಹಾಗಾದರೆ ಓಡುವುದು ಕೋಣ, ಮನುಷ್ಯ ಬರೀ ಬಾಲಂಗೋಚಿ ಎಂದಾಯಿತಲ್ಲ ಎಂದು ಕೇಳಬಹುದು. ಕಂಬಳದ ಕನೆಹಲಗೆ ವಿಭಾಗವನ್ನು ನೋಡಿದವರು ಹಾಗೆ ಕೇಳಲಾರರು. ಅಲ್ಲಿ ಗೆಲುವು ಸೆಕೆಂಡಿನದಲ್ಲ. ಓಟಗಾರ ಹಲಗೆಯ ಮೇಲೆ ಕಾಲೂರಿ ನಿಲ್ಲುತ್ತಾನೆ, ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಆರೂವರೆ ಅಥವಾ ಏಳೂವರೆ ಕೋಲು ಎತ್ತರದ ನಿಶಾನೆಯ ಬಟ್ಟೆಗೆ ತಾಗಬೇಕು. ಕಾಲಿನ ಒತ್ತಡ ಕೂದಲೆಳೆಯಷ್ಟು ತಪ್ಪಿದರೂ ನೀರು ಅಡ್ಡಕ್ಕೆ ಹರಡಿಹೋಗುತ್ತದೆ. ಮನುಷ್ಯನ ಕೌಶಲವನ್ನು ಕಣ್ಣಿಗೆ ಕಾಣುವಂತೆ ಅಳೆಯುವ ಇಂಥ ಉಪಾಯ ಕಂಬಳದ ಒಳಗೇ ಹಿಂದಿನಿಂದ ಇದೆ. ಅದನ್ನು ಯಾವ ಬೋಲ್ಟ್‌ನ ಜೊತೆ ಹೋಲಿಸೋಣ?

ಇನ್ನೊಂದು ಆಕ್ಷೇಪಕ್ಕೆ ತೂಕ ಜಾಸ್ತಿ. ಬೋಲ್ಟ್‌ನ ಹೆಸರು ಬರದಿದ್ದರೆ ಕಂಬಳದ ಓಟಗಾರನನ್ನು ಕರಾವಳಿಯ ಆಚೆ ಯಾರು ಕೇಳುತ್ತಿದ್ದರು? ಆಗಿನ ಮುಖ್ಯಮಂತ್ರಿಗಳು ಗೌಡರನ್ನು ಕರೆಸಿ 3 ಲಕ್ಷ ರೂಪಾಯಿ ಕೊಟ್ಟದ್ದು ಆ ಹೋಲಿಕೆಯಿಂದಲೇ. ನಿಜ. ಕಂಬಳದ ಫಲಿತಾಂಶ ಓದುವವರಿಗೆ ಗೊತ್ತು: ಮೊದಲು ಕೋಣಗಳ ಯಜಮಾನರ ಹೆಸರು, ಓಡಿಸಿದವರದು ಆಮೇಲೆ. ಆ ಸಾಲಿನ ಕ್ರಮವನ್ನು ಕೆಲವು ದಿನವಾದರೂ ತಿರುಗಿಸಿದ್ದು ಆ ಸುದ್ದಿ. ಆದರೆ ಟ್ರ್ಯಾಕಿನ ಅಂಕಿಯಿಂದ ಬಂದ ಮಾನ ಟ್ರ್ಯಾಕಿನಲ್ಲೇ ಸಾಬೀತಾಗಬೇಕೆಂದು ಜನ ಕೇಳುತ್ತಾರೆ. ಟ್ರಯಲ್ಸ್‌ಗೆ ಹೋಗದವನು ಹೆದರಿದ ಎಂಬ ಕುಹಕ ಹುಟ್ಟಿದ್ದು ಅದರಿಂದಲೇ.

ಗಡಿಯಾರವೇ ಬೇಡವೆಂದಲ್ಲ. ಜೋಡುಕರೆಯಲ್ಲಿ ಎದುರಾಳಿ ಪಕ್ಕದ ಕರೆಯಲ್ಲೇ ಇರುತ್ತಾನೆ. ಮೂತಿಯ ಅಂತರದಲ್ಲಿ ತೀರ್ಪು ಕೊಡಬೇಕಾದಾಗ ಲೇಸರ್ ಕಿರಣ ಬೇಕೇ ಬೇಕು, ಅದರಿಂದ ಜಗಳವೂ ಕಡಿಮೆಯಾಗಿದೆ. ಆದರೆ ಗಡಿಯಾರ ಸೋಲುಗೆಲುವು ಹೇಳುವುದನ್ನು ಬಿಟ್ಟು ದಾಖಲೆಯ ಬೆನ್ನು ಹತ್ತಿಸಿದರೆ ಕೊನೆಗೆ ಆ ಭಾರ ಬೀಳುವುದು ಬೆತ್ತದ ಏಟಾಗಿ ಕೋಣದ ಬೆನ್ನ ಮೇಲೆ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ನಿಂತ ಕಂಬಳ, 2017ರ ರಾಜ್ಯ ತಿದ್ದುಪಡಿಯ ಬಲದಿಂದ ಮರಳಿತು; ಆ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿದದ್ದು 2023ರ ಮೇ 18ರಂದು. ಹಿಂಸೆ ಇರಬಾರದೆಂಬ ಷರತ್ತಿನ ಮೇಲೆ ನಿಂತಿರುವ ಆಟಕ್ಕೆ ನೂರನೇ ಒಂದು ಸೆಕೆಂಡಿನ ಹಪಾಹಪಿ ಒಳ್ಳೆಯ ನಂಟನಲ್ಲ. ದಾಖಲೆ ಬೇಕಾದರೆ ಆಯಾ ಕರೆಯದೇ ಇರಲಿ: ಕಡಲಕೆರೆಯದು ಕಡಲಕೆರೆಗೆ, ವೇಣೂರಿನದು ವೇಣೂರಿಗೆ, ವಿಭಾಗ, ಕರೆಯ ಉದ್ದ, ಓಡಿಸಿದವರು, ಓಡಿದ ಜೋಡಿ, ಎಲ್ಲವೂ ಒಂದೇ ಸಾಲಿನಲ್ಲಿ. ಐಕಳದ 13.62 ಸೆಕೆಂಡು ದೇಶವಿಡೀ ಸುದ್ದಿಯಾದಾಗ ಬೋಲ್ಟ್‌ನ ಹೆಸರು ಬಂದಷ್ಟು ಕಡೆ ಆ ಕೋಣಗಳ ಹೆಸರು ಬರಲಿಲ್ಲ.