ಸೋತ ಪಂದ್ಯವನ್ನು ನೋಡುವುದು ಹೇಗೆ: ಕಬಡ್ಡಿ ರಸಿಕರಿಗೊಂದು ಕೈಪಿಡಿ

ಊರಿನ ಕಾಲೇಜು ತಂಡ ತನ್ನದೇ ಅಂಗಳದಲ್ಲಿ ಒಂದಂಕದಿಂದ ಸೋತ ರಾತ್ರಿ, ಬೈಕು ಸ್ಟಾರ್ಟ್ ಮಾಡುವ ಗುಂಪಿನಲ್ಲಿ ಎರಡೇ ಮಾತು ಕೇಳಿಸುತ್ತವೆ. ಒಂದು, ರೆಫ್ರಿ ಮೋಸ ಮಾಡಿದ. ಇನ್ನೊಂದು, ಕೊನೆಯ ರೈಡಿಗೆ ಹೋದವ ಎಲ್ಲ ಹಾಳು ಮಾಡಿದ. ಬಿ.ಸಿ.ರೋಡಿನಿಂದ ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಗುರುವಾಯನಕೆರೆಯವರೆಗೆ, ಅತ್ತ ಮೂಡುಬಿದಿರೆಯ ಕಡೆಗೂ ಹೊನಲು ಬೆಳಕಿನ ಕಬಡ್ಡಿಗೆ ಜನ ಕಡಿಮೆಯೆಂಬುದಿಲ್ಲ. ಮಂಗಳೂರು ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯಾಟಕ್ಕೂ ಅಷ್ಟೆ; ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್‌ನಂಥ ಕ್ರೀಡೆಗೆ ಹೆಸರಾದ ಕಾಲೇಜುಗಳ ಹುಡುಗರು ಎದುರಿಗಿದ್ದರೆ ಅಂಕಣದ ಸುತ್ತ ಕಾಲಿಡಲು ಜಾಗ ಸಿಗದು. ನೋಡುವವರಿದ್ದಾರೆ, ಆದರೆ ನೋಡಲು ಕಲಿತವರು ಕಡಿಮೆ. ಗೆದ್ದ ದಿನ ಇದು ಬೆಳಕಿಗೆ ಬರುವುದಿಲ್ಲ, ಪಟಾಕಿಯ ಹೊಗೆಯಲ್ಲಿ ಎಲ್ಲರೂ ರಸಿಕರೇ. ಸೋತ ದಿನ ಪ್ರೇಕ್ಷಕ ಏನು ಹೇಳುತ್ತಾನೆ ಎಂಬುದರಿಂದ ಅವನು ಏನನ್ನು ನೋಡಿದ ಎಂಬುದು ತಿಳಿಯುತ್ತದೆ. ಕೊನೆಯ ರೈಡನ್ನು ಬೈಯುವವನು ಹೆಚ್ಚುಕಡಿಮೆ ಕೊನೆಯ ರೈಡನ್ನು ಮಾತ್ರ ನೋಡಿರುತ್ತಾನೆ. ಕಬಡ್ಡಿಯಲ್ಲಿ ಸೋಲು ಕೊನೆಯ ರೈಡಿನಲ್ಲಿ ಹುಟ್ಟುವುದು ಬಹಳ ಅಪರೂಪ. ಅದು ಹತ್ತು ಹನ್ನೆರಡು ನಿಮಿಷ ಮೊದಲೇ, ಯಾರೂ ಕೂಗದ ಒಂದು ಗಳಿಗೆಯಲ್ಲಿ ಹುಟ್ಟಿ, ಹೊರಗೆ ಸಾಲಾಗಿ ಕೂತವರ ನಡುವೆ ಬೆಳೆಯುತ್ತದೆ.

ಏಳು ಮಂದಿ, ಮೂವತ್ತು ಸೆಕೆಂಡಿನ ರೈಡ್, ಮುಟ್ಟಿದರೆ ಅಂಕ ಎಂಬುದನ್ನೆಲ್ಲ ಇಲ್ಲಿ ಮತ್ತೆ ಹೇಳುವ ಅಗತ್ಯವಿಲ್ಲ, ಶಾಲೆಯ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದಿರುವುದು ಔಟಾದವರು ಒಳಗೆ ಬರುವ ಕ್ರಮ. ಮೊದಲು ಹೊರಹೋದವನೇ ಮೊದಲು ಒಳಗೆ ಬರಬೇಕು, ಎದುರಾಳಿಯೊಬ್ಬ ಔಟಾದರೆ ನಮ್ಮವನೊಬ್ಬ ಮಾತ್ರ ಬರುತ್ತಾನೆ, ಬೋನಸ್ ಅಂಕಕ್ಕೆ ಯಾರೂ ಬರುವುದಿಲ್ಲ. ಈ ಲೆಕ್ಕ ಇಟ್ಟುಕೊಂಡು ಒಂದು ಪಂದ್ಯವನ್ನು ಊಹಿಸಿಕೊಳ್ಳಿ. ದ್ವಿತೀಯಾರ್ಧ, ಹನ್ನೆರಡು ನಿಮಿಷ ಬಾಕಿ, ಊರ ತಂಡ 24–20ರಿಂದ ಮುಂದಿದೆ. ಅಂಕಣದಲ್ಲಿ ಆರು ಮಂದಿ. ಒಬ್ಬ ಕವರ್ ಆಟಗಾರ ಆಗಲೇ ಹೊರಗೆ. ತಂಡದ ಮುಖ್ಯ ರೈಡರ್ ಸಿಕ್ಕಿಬೀಳುತ್ತಾನೆ, 24–21. ಅವನ ಬದಲು ಹೋದವ ಎರಡು ಸಲ ಖಾಲಿ ಕೈಯಲ್ಲಿ ಬಂದು ಮೂರನೆಯ, ಅಂದರೆ ಮಾಡು ಇಲ್ಲವೇ ಮಡಿ ರೈಡಿನಲ್ಲಿ ಸಿಗುತ್ತಾನೆ, 24–22. ಎದುರಾಳಿ ನಮ್ಮ ಕಾರ್ನರನ್ನು ಮುಟ್ಟಿ ಹೋಗುತ್ತಾನೆ, 24–23. ಈಗ ಉಳಿದವರು ಮೂವರು. ಮೂವರೇ ಇರುವಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡಂಕ. ಹಿಡಿಯುತ್ತಾರೆ, 26–23, ಮೈದಾನ ಎದ್ದು ನಿಲ್ಲುತ್ತದೆ. ಆದರೆ ಅಂಕ ಎರಡಾದರೂ ಒಳಗೆ ಬರುವವ ಒಬ್ಬನೇ, ಅದೂ ಸಾಲಿನಲ್ಲಿ ಮೊದಲಿದ್ದ ಆ ಕವರ್ ಆಟಗಾರ. ಮುಖ್ಯ ರೈಡರ್ ಇನ್ನೂ ಹೊರಗೇ ಕೂತಿದ್ದಾನೆ. ಮುಂದೆ ಎದುರಾಳಿ ಒಂದೇ ರೈಡಿನಲ್ಲಿ ಇಬ್ಬರನ್ನು ಮುಟ್ಟುತ್ತಾನೆ, 26–25. ನಮ್ಮವನೊಬ್ಬ ಸಿಕ್ಕಿಬೀಳುತ್ತಾನೆ, 26–26. ಒಂಟಿಯಾಗಿ ಉಳಿದವನೂ ಸಿಗುತ್ತಾನೆ, ಆಲ್‌ಔಟಿನ ಎರಡಂಕ ಸೇರಿ 26–29. ಆಮೇಲೆ ಏಳೂ ಮಂದಿ ಒಳಬಂದು ಜೀವಬಿಟ್ಟು ಆಡಿ 32–33ಕ್ಕೆ ತಂದು ನಿಲ್ಲಿಸುತ್ತಾರೆ, ಕೊನೆಯ ರೈಡರ್ ಬರಿಗೈಯಲ್ಲಿ ಬರುತ್ತಾನೆ. ಅವನೇ ಅಪರಾಧಿ ಎಂದು ಊರು ತೀರ್ಪು ಕೊಡುತ್ತದೆ.

ಲೆಕ್ಕ ನೋಡಿದರೆ ಅವನ ಪಾಲು ತೀರಾ ಸಣ್ಣದು. ಆ ಕವರ್ ಆಟಗಾರ ಮೊದಲೇ ಹೊರಹೋಗದೆ ಇದ್ದಿದ್ದರೆ ಸಾಲಿನಲ್ಲಿ ಮುಖ್ಯ ರೈಡರನೇ ಮೊದಲಿಗನಾಗುತ್ತಿದ್ದ, ಎದುರಾಳಿಯನ್ನು ಹಿಡಿದೊಡನೆ ಒಳಗೆ ಬರುತ್ತಿದ್ದ, ಆಲ್‌ಔಟ್ ತಪ್ಪುತ್ತಿತ್ತೋ ಏನೋ. ಹಾಗಾದರೆ ಆ ಕವರ್ ಆಟಗಾರ ಹೊರಹೋದದ್ದು ಹೇಗೆ? ಇಂಥ ಪಂದ್ಯಗಳಲ್ಲಿ ಹತ್ತರಲ್ಲಿ ಎಂಟು ಸಲ ಉತ್ತರ ಒಂದೇ: ಮುಂದಕ್ಕೆ ನುಗ್ಗಿದ. ರೈಡರ್ ಇನ್ನೂ ಒಳಗೆ ಬರುತ್ತಿರುವಾಗಲೇ ನುಗ್ಗಿದ, ರೈಡರ್ ಮೈ ತಿರುಗಿಸಿ ಅವನ ಭುಜ ಸವರಿಕೊಂಡು ಮಧ್ಯರೇಖೆ ದಾಟಿದ. ಏಕೆ ನುಗ್ಗಿದ ಎಂದರೆ, ಹಿಂದಿನಿಂದ ‘ಪತ್ತ್‌ಲೆ, ಪತ್ತ್‌ಲೆ’ ಎಂದು ಸಾವಿರ ಗಂಟಲು ಒಟ್ಟಿಗೆ ಕೂಗುತ್ತಿತ್ತು. ಹತ್ತೊಂಬತ್ತು ಇಪ್ಪತ್ತರ ಹುಡುಗನ ಕಿವಿಯಲ್ಲಿ ಇಡೀ ಊರು ಹಿಡಿ ಎಂದು ಅರಚುವಾಗ, ತಾಳು ಎಂದು ಕೋಚ್ ಹೇಳಿಕೊಟ್ಟದ್ದು ಎಲ್ಲಿ ನೆನಪಿರುತ್ತದೆ? ತವರಿನ ಮೈದಾನ ಬಲ ಎಂದು ಎಲ್ಲರೂ ಹೇಳುತ್ತಾರೆ. ರೈಡರನಿಗೆ ಅದು ಬಲವೇ ಇರಬಹುದು, ಕೂಗು ಕೇಳಿದಷ್ಟೂ ಅವನ ಕಾಲು ಹಗುರ. ಹಿಡಿಯುವವನಿಗೆ ಮಾತ್ರ ಅದೇ ಕೂಗು ಶತ್ರು.

ಈ ಹಿಡಿಯುವವನ ಬಗ್ಗೆ, ಅದರಲ್ಲೂ ಕಾರ್ನರ್ ಆಟಗಾರನ ಬಗ್ಗೆ, ಸ್ವಲ್ಪ ಹೆಚ್ಚೇ ಹೇಳಬೇಕು. ಕಬಡ್ಡಿಯ ಕಣ್ಣು ತೆರೆಯುವುದೇ ಇವನಿಂದ. ಹೊಸಬರು ಒಂದು ಅರ್ಧ ಪೂರ್ತಿ ರೈಡರನನ್ನು ಬಿಟ್ಟು ಎಡ ಕಾರ್ನರಿನಲ್ಲಿ ನಿಂತವನನ್ನೇ ನೋಡಲಿ. ಮೊದಮೊದಲು ಅವನು ಏನೂ ಮಾಡುತ್ತಿಲ್ಲ ಎನಿಸುತ್ತದೆ. ಮೊಣಕಾಲು ತುಸು ಮಡಿಸಿ, ಪಕ್ಕದ ‘ಇನ್’ ಆಟಗಾರನ ಕೈ ಹಿಡಿದು, ರೈಡರ್ ಬಲಕ್ಕೆ ಸರಿದರೆ ಒಂದು ಹೆಜ್ಜೆ ಮುಂದೆ, ತನ್ನ ಕಡೆ ತಿರುಗಿದರೆ ಎರಡು ಹೆಜ್ಜೆ ಹಿಂದೆ. ಗಮನ ರೈಡರನ ಕೈಯ ಮೇಲಲ್ಲ, ಸೊಂಟ ಮತ್ತು ಹಿಂದಿನ ಪಾದದ ಮೇಲೆ. ಕೈ ಮೋಸ ಮಾಡಬಹುದು, ಭಾರ ಹೊತ್ತ ಕಾಲು ಮೋಸ ಮಾಡಲಾರದು. ಇಪ್ಪತ್ತೈದು ಸೆಕೆಂಡು ಕಳೆದ ಮೇಲೆ ರೈಡರ್ ಮರಳಲೇಬೇಕು. ಅವನು ತಿರುಗುವ ಹೊತ್ತಿಗೆ ಒಂದು ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ. ಆಗ ಕಾರ್ನರ್ ಆಟಗಾರ ಮುಂದಕ್ಕೆ ಬೀಳುತ್ತಾನೆ, ಎರಡೂ ಕೈ ಹಿಮ್ಮಡಿಯ ಸುತ್ತ, ಕೆನ್ನೆ ಹೆಚ್ಚುಕಡಿಮೆ ಮ್ಯಾಟಿಗೆ ತಾಗಿ. ಕ್ಷಣದೊಳಗೆ ಕವರ್ ಬಂದು ಎದೆಗೆ ಢಿಕ್ಕಿ ಕೊಟ್ಟರೆ ಕೆಲಸ ಮುಗಿಯಿತು. ಇದೇ ಹಿಡಿತವನ್ನು ಅರ್ಧ ಸೆಕೆಂಡು ಮೊದಲು ಹಾಕಿದರೆ ರೈಡರ್ ಕಾಲೆಳೆದು ಹಾರಿಹೋಗುತ್ತಾನೆ, ಅಂಕವೂ ಹೋಯಿತು, ಆಟಗಾರನೂ ಹೋದ. ಒಳ್ಳೆಯ ಕಾರ್ನರ್ ಇಡೀ ಪಂದ್ಯದಲ್ಲಿ ಕೈ ಹಾಕುವುದು ಕೆಲವೇ ಸಲ. ಉಳಿದದ್ದೆಲ್ಲ ಕಾಯುವುದು, ಮತ್ತು ಆ ಕಾಯುವಿಕೆಯೇ ನೋಡಬೇಕಾದ ಕಲೆ. ನಮ್ಮವರು ಇದನ್ನು ಬೋರು ಎನ್ನುತ್ತಾರೆ. ಎದುರಾಳಿ ಎರಡು ಸಲ ಖಾಲಿ ಹೋದರೆ ಸಿಳ್ಳೆ ಹಾಕಿ ಹಂಗಿಸುತ್ತಾರೆ. ಆ ಎರಡು ಖಾಲಿ ರೈಡುಗಳು ನಮ್ಮ ರಕ್ಷಣೆಯ ಗಳಿಕೆ ಎಂದು ಅವರಿಗೆ ಹೊಳೆಯುವುದೇ ಇಲ್ಲ: ಮೂರನೆಯ ಸಲ ಅವನು ಆಳಕ್ಕೆ ಬರಲೇಬೇಕು, ಆಳಕ್ಕೆ ಬಂದವನು ಕಾರ್ನರಿನ ಪಾಲು.

ಇದಕ್ಕೆ ದೊಡ್ಡ ಸಾಕ್ಷಿ 2018ರ ಜಕಾರ್ತಾ ಏಷ್ಯನ್ ಗೇಮ್ಸ್. 1990ರಿಂದ 2014ರವರೆಗಿನ ಏಳೂ ಚಿನ್ನ ಗೆದ್ದಿದ್ದ ಭಾರತದ ಪುರುಷರು ಗುಂಪು ಹಂತದಲ್ಲಿ ದಕ್ಷಿಣ ಕೊರಿಯಾಕ್ಕೆ 23–24ರಿಂದ, ಸೆಮಿಫೈನಲಿನಲ್ಲಿ ಇರಾನಿಗೆ 18–27ರಿಂದ ಸೋತರು. ಮಹಿಳೆಯರೂ ಫೈನಲಿನಲ್ಲಿ ಇರಾನಿಗೆ 24–27ರಿಂದ ಮಣಿದರು. ಮೈದಾನ ಜಕಾರ್ತಾದಲ್ಲಿದ್ದರೂ ಕಬಡ್ಡಿಯ ಮಟ್ಟಿಗೆ ಅದು ನಮಗೆ ತವರಿನ ಸೋಲೇ. ಪ್ರೊ ಕಬಡ್ಡಿಯಲ್ಲಿ ಹೆಸರು ಮಾಡಿದ ರೈಡರುಗಳಿಗೆ ನಮ್ಮಲ್ಲಿ ಕೊರತೆ ಇರಲಿಲ್ಲ. ಎದುರಿಗೆ ಇದ್ದದ್ದು ಫಜಲ್ ಅತ್ರಾಚಲಿಯಂಥ ಎಡ ಕಾರ್ನರ್. ನಮ್ಮದೇ ಲೀಗಿನಲ್ಲಿ ನಮ್ಮ ರೈಡರುಗಳ ಕಾಲು ನೋಡಿ ನೋಡಿ ಪಳಗಿದವನು. ಇರಾನಿನ ಮಹಿಳೆಯರಿಗೆ ತರಬೇತಿ ಕೊಟ್ಟವರು ನಾಸಿಕದ ಶೈಲಜಾ ಜೈನ್. ಪುರುಷರ ಸೆಮಿಫೈನಲಿನ ಆ ಹದಿನೆಂಟಂಕ ಎಂದರೆ ರೈಡರುಗಳು ಹೊರಗೆ ಕೂತಿದ್ದ ಪಂದ್ಯ, ಅದಕ್ಕೆ ಬೇರೆ ಅರ್ಥವಿಲ್ಲ. ಆಗಲೂ ಇಲ್ಲಿ ಎದ್ದ ಗುಲ್ಲು ಆಯ್ಕೆಯಲ್ಲಿ ರಾಜಕೀಯ, ರೈಡರುಗಳಿಗೆ ಸೊಕ್ಕು ಎಂಬುದರ ಸುತ್ತಲೇ ಸುತ್ತಿತು. ಇರಾನಿನ ಹಿಡಿತವನ್ನು ಮೆಚ್ಚಿ ಮಾತನಾಡಿದವರು ಬೆರಳೆಣಿಕೆ.

ತೀರ್ಪುಗಾರರು ನಿಜವಾಗಿಯೂ ತಪ್ಪುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಪ್ಪುತ್ತಾರೆ. ಕಾಲೇಜು ಪಂದ್ಯಗಳಲ್ಲಿ ಮರುಪರಿಶೀಲನೆಗೆ ಕ್ಯಾಮೆರಾ ಇರುವುದಿಲ್ಲ, ರೈಡರನ ಉಸಿರು ಕೇಳಿಸಿಕೊಳ್ಳಬೇಕಾದವನಿಗೆ ನಮ್ಮ ಡೋಲು, ಪೀಪಿಗಳ ನಡುವೆ ತನ್ನ ಸೀಟಿಯೇ ಕೇಳಿಸದು. ಆದರೆ ಮೋಸ ಎಂಬ ಕೂಗು ಏಳುವ ಜಾಗಗಳನ್ನು ಗಮನಿಸಿ: ಒಂದು ಬೋನಸ್ ಗೆರೆ, ಇನ್ನೊಂದು ಲಾಬಿ. ಬೋನಸಿಗೆ ಒಂದು ಕಾಲು ಗೆರೆ ದಾಟುವಾಗ ಇನ್ನೊಂದು ಕಾಲು ಗಾಳಿಯಲ್ಲಿರಬೇಕು, ಅಂಕಣದಲ್ಲಿ ಕನಿಷ್ಠ ಆರು ಮಂದಿ ಇರಬೇಕು. ದೂರದ ಕಲ್ಲಿನ ಮೇಲೆ ಕೂತವನಿಗೆ ದಾಟಿದ ಕಾಲು ಕಾಣುತ್ತದೆ, ಎತ್ತದ ಕಾಲು ಕಾಣುವುದಿಲ್ಲ. ಲಾಬಿಯಂತೂ ಮುಟ್ಟಿದ ಮೇಲಷ್ಟೇ ಆಟದ ಜಾಗ. ಯಾರನ್ನೂ ಮುಟ್ಟದೆ ಅಲ್ಲಿ ಕಾಲಿಟ್ಟ ರೈಡರ್ ಔಟ್. ಇದು ಎಷ್ಟು ತೊಡಕಿನದೆಂದರೆ, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲಿನಲ್ಲಿ 28–28 ಇದ್ದಾಗ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟು, ಇರಾನಿನವರೂ ಅವನ ಹಿಂದೆಯೇ ಹೋಗಿ, ಯಾರಿಗೆಷ್ಟು ಅಂಕ ಎಂಬ ಜಗಳದಲ್ಲಿ ಪಂದ್ಯ ಸುಮಾರು ಒಂದು ಗಂಟೆ ನಿಂತಿತ್ತು. ಭಾರತ 33–29ರಿಂದ ಗೆದ್ದ ಕಾರಣ ನಮಗದು ಮೋಸ ಎನಿಸಲಿಲ್ಲ, ಇರಾನಿನ ಪ್ರೇಕ್ಷಕನನ್ನು ಕೇಳಿದರೆ ಬೇರೆ ಕಥೆ. ತೀರ್ಪುಗಾರನ ತಪ್ಪು ಒಂದೆರಡು ಅಂಕದ್ದು. ಆಲ್‌ಔಟ್ ಎಂಬುದು ಅದನ್ನು ನುಂಗಿ ಹಾಕುವ ಲೆಕ್ಕ.

ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಕಾಲೇಜು ಪಂದ್ಯ ಎಂದರೆ ಅಭಿಮಾನ, ನಮ್ಮ ಹುಡುಗರು ಸೋತಾಗ ಹೊಟ್ಟೆ ಉರಿಯದವನಿಗೆ ಅಲ್ಲೇನು ಕೆಲಸ, ಎದುರಾಳಿಯ ಹಿಡಿತಕ್ಕೆ ಚಪ್ಪಾಳೆ ತಟ್ಟುವವನು ನಮ್ಮವನೇ ಅಲ್ಲ ಎಂಬುದು. ಹೊಟ್ಟೆ ಉರಿಯಲಿ, ಬೇಡವೆಂದವರಾರು? ಆದರೆ ಪಕ್ಷ ವಹಿಸಿಯೂ ಎದುರು ಪಕ್ಷವನ್ನು ಸವಿಯುವ ವಿದ್ಯೆ ಈ ನಾಡಿಗೆ ಹೊರಗಿನದಲ್ಲ. ತಾಳಮದ್ದಳೆಯಲ್ಲಿ ‘ವಾಲಿವಧೆ’ ಇದ್ದ ರಾತ್ರಿ ಸಭೆಯಲ್ಲಿದ್ದವರೆಲ್ಲ ರಾಮಭಕ್ತರೇ. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಒಂದೊಂದೇ ಪ್ರಶ್ನೆಯಿಂದ ಕಟ್ಟಿಹಾಕುವಾಗ ಆ ಭಕ್ತರೇ ತಲೆದೂಗುತ್ತಿದ್ದರು. ವಾಲಿ ಸಾಯುವುದು ಎಲ್ಲರಿಗೂ ಗೊತ್ತು. ಬಂದದ್ದು ಅವನು ಹೇಗೆ ಸೋಲುತ್ತಾನೆ ಎಂದು ಕೇಳಲು. ರಾಮನ ಅರ್ಥಧಾರಿ ಮಾತಿಗೆ ತಡವರಿಸಿದರೆ ಭಕ್ತಿಯ ಹೆಸರಿನಲ್ಲಿ ಯಾರೂ ವಾಲಿಯ ಮೇಲೆ ಬಾಟಲಿ ಎಸೆಯಲಿಲ್ಲ. ಅದೇ ಮನೆಗಳ ಮಕ್ಕಳು ಇಂದು ಕಬಡ್ಡಿಯ ಅಂಕಣದ ಸುತ್ತ ನಿಂತಿದ್ದಾರೆ. ಎದುರು ತಂಡದ ಕಾರ್ನರ್ ನಮ್ಮ ಮುಖ್ಯ ರೈಡರನ ಹಿಮ್ಮಡಿಯನ್ನು ಕಡೇ ಸೆಕೆಂಡಿನಲ್ಲಿ ಕಚ್ಚಿದಾಗ ತಲೆದೂಗಲು ಅವರಿಗೇಕೆ ಆಗದು? ಆ ಹಿಡಿತ ಚೆನ್ನಾಗಿತ್ತೆಂದು ಒಪ್ಪಿದರೆ ನಮ್ಮ ರೈಡರನ ಮೇಲಿನ ಸಿಟ್ಟು ತಾನಾಗಿ ಇಳಿಯುತ್ತದೆ. ಅವನು ಹಾಳುಮಾಡಿದ್ದಲ್ಲ, ಅವನಿಗಿಂತ ಒಳ್ಳೆಯವನ ಕೈಗೆ ಸಿಕ್ಕಿದ್ದು.

ಕೆಟ್ಟ ರುಚಿಯ ದೋಷವನ್ನೆಲ್ಲ ಊರಿನ ಮೇಲೆ ಹೊರಿಸುವುದೂ ನ್ಯಾಯವಲ್ಲ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಆಟಗಾರರಿಗೆ ಹಣ, ಹೆಸರು ಸಿಕ್ಕಿತು. ಕಾರ್ಕಳದ ಕಡೆಯ ಸುಕೇಶ್ ಹೆಗ್ಡೆ, ಪುತ್ತೂರಿನ ಕಡೆಯ ಪ್ರಶಾಂತ್ ಕುಮಾರ್ ರೈ ಟೀವಿಯಲ್ಲಿ ತಂಡಗಳನ್ನು ಮುನ್ನಡೆಸಿದರು. ಆದರೆ ಮೊಬೈಲಿನಲ್ಲಿ ಓಡಾಡುವ ತುಣುಕುಗಳಲ್ಲಿ ರೈಡ್ ಬಿಟ್ಟು ಬೇರೇನಿದೆ? ಒಬ್ಬ ಮೂವರ ಮೇಲೆ ಹಾರಿಹೋಗುವುದು, ನಿಧಾನಗತಿಯಲ್ಲಿ, ಹಿಂದೆ ಡಿಜೆ. ಊರಿನ ಪಂದ್ಯಾಟಗಳಲ್ಲೂ ಮೈಕಿನಲ್ಲಿ ಕೂಗುವ ಬಹುಮಾನ ಸೂಪರ್ ರೈಡಿಗೇ ಹೆಚ್ಚು. ಮೂವತ್ತು ಸೆಕೆಂಡು ತಾಳಿ ನಿಂತದ್ದಕ್ಕೆ ಐನೂರು ರೂಪಾಯಿ ಘೋಷಿಸಿದವರುಂಟೇ? ಅದೇ ಪ್ರಶಾಂತ್ ರೈ ನಾಯಕತ್ವದ ಪಾಟ್ನಾ ಪೈರೇಟ್ಸ್ 2022ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಫೈನಲಿನಲ್ಲಿ ದಬಾಂಗ್ ಡೆಲ್ಲಿಗೆ 36–37ರಿಂದ ಸೋತಿತು. ಒಂದಂಕದ ಸೋಲನ್ನು ಓದಲು ಕಲಿಯಬೇಕೆನ್ನುವವರು ಆ ಪಂದ್ಯವನ್ನು ಮೊದಲಿನಿಂದ ಹಾಕಿಕೊಂಡು, ಪ್ರತಿ ಅಂಕಕ್ಕೂ ಯಾರು ಹೊರಗೆ, ಯಾರು ಒಳಗೆ ಎಂದು ಬರೆದುಕೊಳ್ಳುತ್ತಾ ನೋಡಲಿ.

ಹುಡುಗಿಯರ ಪಂದ್ಯಕ್ಕೂ ಹೋಗಿ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2012ರ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಭಾರತದ ನಾಯಕಿ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಅವರ ಜಿಲ್ಲೆಯ ಪಕ್ಕದಲ್ಲೇ ಹುಡುಗಿಯರ ಪಂದ್ಯ ಶುರುವಾದರೆ ಜನ ಚಹಾ ಕುಡಿಯಲು ಏಳುತ್ತಾರೆ. ಗಂಡಸರ ಅಂಕಣ 13 ಮೀಟರ್ ಉದ್ದ 10 ಅಗಲವಾದರೆ ಹೆಂಗಸರದ್ದು 12 ಉದ್ದ 8 ಅಗಲ. ಜಾಗ ಕಿರಿದಾದುದರಿಂದ ಕಾರ್ನರ್ ಮತ್ತು ಕವರಿನ ಹೊಂದಾಣಿಕೆ ಅಲ್ಲಿ ಇನ್ನೂ ಸ್ಪಷ್ಟ, ಗದ್ದಲ ಕಡಿಮೆಯಾದುದರಿಂದ ಆಟಗಾರ್ತಿಯರು ಒಬ್ಬರಿಗೊಬ್ಬರು ಹೇಳುವ ಮಾತೂ ಕೇಳುತ್ತದೆ.

ಮುಂದಿನ ಸಲ ಊರ ತಂಡ ಸೋತಾಗ ತೀರ್ಪುಗಾರನನ್ನು ಸುತ್ತುವರಿಯುವ ಗುಂಪನ್ನು ಬಿಟ್ಟು, ಅಂಕ ಬರೆಯುವವರ ಮೇಜಿನ ಬಳಿ ಹೋಗಿ. ಸ್ಕೋರ್ ಶೀಟನ್ನು ಒಂದು ನಿಮಿಷ ನೋಡಲು ಕೇಳಿದರೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಕೊನೆಯ ಸಾಲಿಗೆ ಹೋಗಬೇಡಿ. ಆಲ್‌ಔಟ್ ಗುರುತು ಎಲ್ಲಿದೆ ಹುಡುಕಿ, ಅಲ್ಲಿಂದ ಹಿಂದಕ್ಕೆ ಬನ್ನಿ, ಆ ಸಾಲಿನಲ್ಲಿ ಮೊದಲು ಹೊರಹೋದವ ಯಾರೆಂದು ನೋಡಿ, ಅವನು ಯಾವ ರೈಡಿನಲ್ಲಿ, ಹೇಗೆ ಹೋದ ಎಂದು ನೆನಪಿಸಿಕೊಳ್ಳಿ. ನೆನಪಾಗದಿದ್ದರೆ ಆ ಹೊತ್ತಿಗೆ ನೀವು ಫೋನ್ ನೋಡುತ್ತಿದ್ದಿರಿ, ಇಲ್ಲವೇ ‘ಪತ್ತ್‌ಲೆ’ ಎಂದು ಕೂಗುತ್ತಿದ್ದಿರಿ.