ಹಿಟ್ಟಿನ ಚೀಲದ ಮೇಲಿನ ಹಾಡುಗಾರ

ಬ್ಲೂಸ್ ಹಾಡು ಅಂದ ಕೂಡಲೇ 'ಆಹಾ, ಎಂಥ ನೋವು!' ಅಂತ ಕಣ್ಣುಮುಚ್ಚಿ ತಲೆದೂಗುವ ಜನ ಇದ್ದಾರೆ. ಅಮೆರಿಕದ ಎಷ್ಟೋ ರೇಡಿಯೋ ಕೇಂದ್ರಗಳು ಇವತ್ತು ವಾರಕ್ಕೊಂದು ಸಲ ಹಳೇ ಬ್ಲೂಸು, ಹೊಸ ಬ್ಲೂಸು ಸೇರಿಸಿ ಹಾಕುತ್ತವೆ. ಹಳೆಯದನ್ನು 'ಕ್ಲಾಸಿಕ್' ಅಂತ ಕರೆದು ಪೂಜೆಗೆ ಕೂರಿಸುತ್ತವೆ. ಪೂಜೆಗೆ ಕೂತದ್ದು ಬಾಯಿ ಬಿಡುವುದಿಲ್ಲ. ಅದಕ್ಕೇ ಇಂಥ ಕಾರ್ಯಕ್ರಮಗಳಿಗೆಲ್ಲ ಹಿರಿಯಣ್ಣನಂತಿರುವ ಒಂದನ್ನು ಹಿಡಿದು ವಿಚಾರಿಸೋಣ ಅಂತ ಹೊರಟಿದ್ದೇನೆ. ಅದರ ಹೆಸರು 'ಕಿಂಗ್ ಬಿಸ್ಕಿಟ್ ಟೈಮ್'. ಇದು ವಾರಕ್ಕೊಮ್ಮೆಯದಲ್ಲ; ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಮಧ್ಯಾಹ್ನದ್ದು.

ಅರ್ಕನ್ಸಾ ರಾಜ್ಯದ ಹೆಲೆನಾ, ಮಿಸಿಸಿಪ್ಪಿ ನದಿ ದಡದ ಹತ್ತಿ ಪಟ್ಟಣ. 1941ರ ನವೆಂಬರ್‌ನಲ್ಲಿ ಅಲ್ಲಿ ಹೊಸದಾಗಿ ಶುರುವಾದ ಕೆ.ಎಫ್.ಎಫ್.ಎ. ಕೇಂದ್ರದಲ್ಲಿ ಇಬ್ಬರು ಕರಿಯ ಹಾಡುಗಾರರು ಮೈಕಿನ ಮುಂದೆ ಕೂತರು. ಮೌತ್ ಆರ್ಗನ್ ಊದುವ ಸನ್ನಿ ಬಾಯ್ ವಿಲಿಯಮ್ಸನ್, ಗಿಟಾರ್ ನುಡಿಸುವ ರಾಬರ್ಟ್ ಲಾಕ್‌ವುಡ್. ಖರ್ಚು ವಹಿಸಿಕೊಂಡದ್ದು ಇಂಟರ್‌ಸ್ಟೇಟ್ ಗ್ರೋಸರ್ ಅನ್ನುವ ದಿನಸಿ ಕಂಪನಿ. ಅದು ಮಾರುತ್ತಿದ್ದ ಹಿಟ್ಟಿನ ಹೆಸರೇ ಕಿಂಗ್ ಬಿಸ್ಕಿಟ್. ಆ ಸೀಮೆಯಲ್ಲಿ ಬಿಸ್ಕಿಟ್ ಅಂದರೆ ನಾವು ಟೀಗೆ ಅದ್ದುವ ಬಿಸ್ಕತ್ತಲ್ಲ. ಹಿಟ್ಟು ಕಲಸಿ ಮನೆಯಲ್ಲೇ ಸುಡುವ ಮೆತ್ತನೆ ರೊಟ್ಟಿ, ಬಡವರ ದಿನದ ಊಟ.

ಹೊತ್ತು ಹನ್ನೆರಡೂ ಕಾಲು. ಹತ್ತಿ ಹೊಲದಲ್ಲಿ ಬೆಳಗಿನಿಂದ ಬಗ್ಗಿದ ಬೆನ್ನು ಊಟಕ್ಕೆ ನೆಟ್ಟಗಾಗುವ ಹೊತ್ತು. ಕಂಪನಿಗೆ ಅದು ಗಿರಾಕಿ ಸಿಕ್ಕುವ ವೇಳೆ. ಕೂಲಿಯವನಿಗೆ ಇಡೀ ಹಗಲಲ್ಲಿ ತನ್ನದು ಅನ್ನಬಹುದಾದ ಒಂದೇ ವೇಳೆ. ಮಿಸಿಸಿಪ್ಪಿಯ ಹೊಲದಲ್ಲಿ ಗೇಯುತ್ತಿದ್ದ ಬಿ. ಬಿ. ಕಿಂಗ್ ಅನ್ನುವ ಹುಡುಗ ಊಟದ ಹೊತ್ತಿಗೆ ಇದನ್ನೇ ಕೇಳುತ್ತಿದ್ದ. ಮುಂದೆ ಆತನೇ ಮೆಂಫಿಸ್ ಪಟ್ಟಣದ ಡಬ್ಲ್ಯು.ಡಿ.ಐ.ಎ. ಕೇಂದ್ರದಲ್ಲಿ ಒಂದು ಟಾನಿಕ್ ಔಷಧಿಯ ಜಾಹೀರಾತು ಹಾಡಿ ಹೆಸರಾದ. ಆ ಕೇಂದ್ರ 1949ರ ಹೊತ್ತಿಗೆ ತನ್ನ ಕಾರ್ಯಕ್ರಮಗಳನ್ನೆಲ್ಲ ಕರಿಯರಿಗಾಗಿಯೇ ನಡೆಸತೊಡಗಿತ್ತು. ಕೇಂದ್ರದ ಒಡೆಯರು ಮಾತ್ರ ಬಿಳಿಯರು.

ಇಲ್ಲಿಯವರೆಗೆ ಕತೆ ಚೆನ್ನಾಗಿದೆ. ಈಗ ಇಪ್ಪತ್ತೆರಡು ವರ್ಷ ಹಿಂದಕ್ಕೆ ಬನ್ನಿ.

ಹೆಲೆನಾ ಇರುವುದು ಫಿಲಿಪ್ಸ್ ಜಿಲ್ಲೆಯಲ್ಲಿ. ಅಲ್ಲಿ ಕರಿಯರು ಕೋರಿಗೆ ಹೊಲ ಮಾಡುತ್ತಿದ್ದರು. ಬೀಜ, ಹಿಟ್ಟು, ಬಟ್ಟೆ ಎಲ್ಲ ಧಣಿಯ ಲೆಕ್ಕದಲ್ಲಿ ಸಾಲ. ಸುಗ್ಗಿ ಮುಗಿದ ಮೇಲೆ ಪುಸ್ತಕ ತೆಗೆಯುವವನೂ ಧಣಿಯೇ, ಕೂಡುವವನೂ ಅವನೇ, ಕಳೆಯುವವನೂ ಅವನೇ. ಹತ್ತಿಗೆ ಸರಿಯಾದ ಬೆಲೆ ಕೊಡಿ, ಲೆಕ್ಕ ತೋರಿಸಿ ಅಂತ ಕೇಳಲು ಅವರು ಸಂಘ ಕಟ್ಟಿದರು. 1919ರ ಸೆಪ್ಟೆಂಬರ್ 30ರ ರಾತ್ರಿ ಎಲೇನ್ ಊರಿನ ಹತ್ತಿರ ಹೂಪ್ ಸ್ಪರ್ ಅನ್ನುವಲ್ಲಿ ಚರ್ಚಿನೊಳಗೆ ಸಭೆ ಸೇರಿದ್ದಾಗ ಗುಂಡು ಹಾರಿತು. ಆಮೇಲೆ ದಿನಗಟ್ಟಲೆ ಬೇಟೆ. ಬಿಳಿಯರ ಗುಂಪು ಬಂತು, ಸರ್ಕಾರದ ಸೈನ್ಯವೂ ಬಂತು. ಸತ್ತ ಬಿಳಿಯರು ಐದು ಮಂದಿ. ಸತ್ತ ಕರಿಯರನ್ನು ಯಾರೂ ಸರಿಯಾಗಿ ಎಣಿಸಲೇ ಇಲ್ಲ, ನೂರಾರು ಅನ್ನುತ್ತಾರೆ. ಹೆಲೆನಾದ ಕೋರ್ಟಿನಲ್ಲಿ ಬರೀ ಬಿಳಿಯರೇ ಇದ್ದ ಜ್ಯೂರಿ ಹನ್ನೆರಡು ಜನ ಕರಿಯರಿಗೆ ಮರಣದಂಡನೆಗೆ ದಾರಿ ಮಾಡಿತು. ಐಡಾ ಬಿ. ವೆಲ್ಸ್ ಅನ್ನುವ ಕರಿಯ ಪತ್ರಕರ್ತೆ ಜೈಲಿಗೇ ಹೋಗಿ ಅವರನ್ನು ಕಂಡು, 1920ರಲ್ಲಿ ಪುಸ್ತಕ ಬರೆದಳು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ವಿಚಾರಣೆಯನ್ನು ನ್ಯಾಯ ಅಂತ ಒಪ್ಪಲಿಲ್ಲ. 1925ರ ಹೊತ್ತಿಗೆ ಹನ್ನೆರಡೂ ಮಂದಿ ಹೊರಗೆ ಬಂದರು.

ಗೆಳೆಯರೇ, ಇವೆರಡೂ ಒಂದೇ ಜಿಲ್ಲೆ. ಲೆಕ್ಕ ಕೇಳಿದ ಬಾಯಿಗೆ ಗುಂಡು. ಹಿಟ್ಟು ಮಾರುವ ಬಾಯಿಗೆ ಮೈಕು. ಕಿಂಗ್ ಬಿಸ್ಕಿಟ್ ಟೈಮನ್ನು ಈ ಎರಡರ ನಡುವೆ ಇಟ್ಟು ಕೇಳದಿದ್ದರೆ ನಾವು ಹಾಡನ್ನು ಅರ್ಧ ಕೇಳಿದಂತೆ. ಕಂಪನಿ ಕೊಟ್ಟದ್ದು ಕಾಲು ಗಂಟೆ. ಅದರೊಳಗೆ ಪ್ರೀತಿ ಇರಬಹುದು, ಬಿಟ್ಟುಹೋದ ಹೆಂಡತಿ ಇರಬಹುದು, ಕುಡಿತ ಇರಬಹುದು. ಧಣಿಯ ಪುಸ್ತಕಕ್ಕೆ ಅಲ್ಲಿ ಜಾಗ ಎಲ್ಲಿ? ಹಿಟ್ಟು ಚೆನ್ನಾಗಿ ಹೋಯಿತು. ಸನ್ನಿ ಬಾಯ್ ಹೆಸರಲ್ಲೇ ಜೋಳದ ಹಿಟ್ಟೂ ಬಂತು, ಚೀಲದ ಮೇಲೆ ಆತನ ಚಿತ್ರವೂ ಬಂತು. ಚೀಲ ಯಾರದು, ಗಿರಾಕಿ ಯಾರು, ಗಲ್ಲಾಪೆಟ್ಟಿಗೆ ಯಾರದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಆ ಹಾಡುಗಾರರನ್ನು ಕಂಪನಿಯ ಆಳುಗಳು ಅಂದುಬಿಟ್ಟರೆ ಅದೂ ತಪ್ಪೇ. ಅವರು ಆ ಕಾಲು ಗಂಟೆಯಲ್ಲೇ ತಮ್ಮ ಕೆಲಸ ಮಾಡಿಕೊಂಡರು. ಇವತ್ತು ರಾತ್ರಿ ಇಂಥ ಕಡೆ ಹಾಡುತ್ತೇವೆ, ಬನ್ನಿ ಅಂತ ಹಿಟ್ಟಿನ ಜಾಹೀರಾತಿನ ಪಕ್ಕದಲ್ಲೇ ಸಾರಿದರು. ಹೊಟ್ಟೆ ತುಂಬಿಸಿದ್ದು ಆ ರಾತ್ರಿಗಳು. ಇನ್ನೊಂದು ಮಾತು. ನಮ್ಮಂಥವನ ದನಿ, ನಮ್ಮದೇ ಉಚ್ಚಾರಣೆಯಲ್ಲಿ, ಗಾಳಿಯಲ್ಲಿ ಬರುತ್ತೆ ಅಂತ ಹೊಲದಲ್ಲಿ ಕೂತ ಹುಡುಗನಿಗೆ ಗೊತ್ತಾಗೋದು ಸಣ್ಣ ಸಂಗತಿಯಲ್ಲ. ನಮ್ಮ ಮನೇಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು ನಾನು. ಅದರ ಬೆಲೆ ನನಗೆ ಗೊತ್ತು. ಸನ್ನಿ ಬಾಯ್ ಯೂರೋಪಿನ ದೊಡ್ಡ ದೊಡ್ಡ ಸಭೆಗಳಲ್ಲಿ ಊದಿ, ಹೆಸರು ಮಾಡಿ, ಮತ್ತೆ ಹೆಲೆನಾಗೇ ಬಂದು ಅದೇ ಮೈಕಿನ ಮುಂದೆ ಕೂತ. 1965ರ ಮೇ ತಿಂಗಳಲ್ಲಿ ಅಲ್ಲೇ ಸತ್ತ.

1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಹೆಸರನ್ನು 1972ರಲ್ಲಿ ಮುಂಬೈಯ ದಲಿತ ಪ್ಯಾಂಥರ್ ಎತ್ತಿಕೊಂಡಿತು. ಅವತ್ತಿನಿಂದ ಕರಿಯರ ಹಾಡು ನಮಗೆ ಪರದೇಶದ್ದಲ್ಲ. ಆದರೆ ಅವರ ಹತ್ತಿ ಹೊಲವೂ ನಮ್ಮ ಕೇರಿಯೂ ಒಂದೇ ಅಂದುಬಿಡುವುದು ಸೋಮಾರಿಯ ಮಾತು. ನನಗೆ ಗೊತ್ತಿರುವುದು ಇಷ್ಟು: ನಮ್ಮಪ್ಪನ ತಮಟೆ ಇಲ್ಲದೆ ಊರ ಹಬ್ಬ ಏಳುವುದಿಲ್ಲ, ಹಬ್ಬ ಎದ್ದ ಮೇಲೆ ಅಪ್ಪ ಗುಡಿಯಿಂದಾಚೆ. ಸದ್ದು ಬೇಕು, ಸದ್ದು ಮಾಡಿದವನು ಬೇಡ. ಈ ವಿದ್ಯೆ ಹೆಲೆನಾದವರಿಗೂ ಗೊತ್ತಿತ್ತು.

ಆ ಕಾರ್ಯಕ್ರಮ ಮುಂದೆಯೂ ನಡೆಯಿತು. 'ಸನ್‌ಶೈನ್' ಸನ್ನಿ ಪೇನ್ ಅನ್ನುವ ಬಿಳಿಯ ಉದ್ಘೋಷಕ 1951ರಿಂದ 2018ರಲ್ಲಿ ಸಾಯುವವರೆಗೆ ಅದನ್ನು ನಡೆಸಿದ. ಹದಿನೇಳು ಸಾವಿರಕ್ಕೂ ಮೀರಿದ ಕಂತುಗಳು. 1992ರಲ್ಲಿ ಪೀಬಾಡಿ ಪ್ರಶಸ್ತಿಯೂ ಬಂತು. ಒಂದು ಆಯಸ್ಸನ್ನೇ ಕೊಟ್ಟ ಆ ಮುದುಕನ ನಿಷ್ಠೆಗೆ ನನ್ನ ನಮಸ್ಕಾರ. ಆದರೂ ಒಂದು ತಕರಾರು ಉಳಿಯುತ್ತದೆ. ಮೊದಲು ಮೈಕಿನ ಮುಂದೆ ಬೆವರುವ ಮನುಷ್ಯ ಇದ್ದ. ಬರಬರುತ್ತಾ ಅವನ ಜಾಗಕ್ಕೆ ರೆಕಾರ್ಡು ಬಂತು. ರೆಕಾರ್ಡಿಗೆ ಹಸಿವಿಲ್ಲ. 'ಕ್ಲಾಸಿಕ್' ಅನ್ನುವ ಮಾತು ಹುಟ್ಟುವುದೇ ಇಲ್ಲಿ: ಹಾಡಿದವನು ಲೆಕ್ಕ ಕೇಳಲಾರದ ಹಾಗೆ ದೂರ ಹೋದ ಮೇಲೆ.

ಹಾಗಾದರೆ ಕೇಳಬಾರದೇ? ಕೇಳಬೇಕು. ಈಗ ಮೊಬೈಲಿನಲ್ಲೇ ಸಿಗುತ್ತೆ. ಹಾಸ್ಟೆಲಿನಲ್ಲಿರುವ ಹುಡುಗರು ಕೇಳಿ, ಹಳ್ಳಿ ಶಾಲೆಯ ಮೇಷ್ಟ್ರುಗಳು ಮಕ್ಕಳಿಗೆ ಕೇಳಿಸಿ. ಇಂಥ ಕಾರ್ಯಕ್ರಮಗಳು ಪ್ರತಿ ಹಾಡಿಗೂ ಯಾರು ಹಾಡಿದ್ದು, ಯಾವ ಇಸವಿ, ಯಾವ ಕಂಪನಿಯ ರೆಕಾರ್ಡು ಅಂತ ಹೇಳುತ್ತವೆ. ಸಂತೋಷ. ಹೆಲೆನಾದ ಹಾಡು ಹಾಕುವ ದಿನ ಇನ್ನೊಂದು ತಾರೀಖನ್ನೂ ಹೇಳಬೇಕು: 1919ರ ಸೆಪ್ಟೆಂಬರ್ 30. ಅವರು ಹೇಳದಿದ್ದರೆ, ಹಾಡು ಮುಗಿದ ಮೇಲೆ ಮಕ್ಕಳಿಗೆ ನಾವೇ ಹೇಳೋಣ.